ಡೆಬಿಯನ್ ಸ್ಟೇಬಲ್‌ಗೆ ಟೆಸ್ಟಿಂಗ್ ಪ್ಯಾಕೇಜ್ ಬೆರೆಸೋ ಮುಂಚೆ

ಡೆಬಿಯನ್ ಅನ್ನೋ ಲಿನಕ್ಸ್‌ನ ಸ್ಟೇಬಲ್‌ನಲ್ಲಿ (ಪರೀಕ್ಷೆ ಮುಗ್ದು ಬಿಡುಗಡೆ ಆದ ಆವೃತ್ತಿ) ಇದ್ಕೊಂಡು ಒಂದೆರಡು ಹೊಸ ಪ್ಯಾಕೇಜ್ ಮಾತ್ರ ಟೆಸ್ಟಿಂಗ್‌ನಿಂದ (ಮುಂದಿನ ರಿಲೀಸ್‌ಗೆ ತಯಾರಾಗ್ತಿರೋ ಆವೃತ್ತಿ) ಬೇಕು ಅನ್ನೋರು ಮೊದ್ಲು ಬ್ಯಾಕ್‌ಪೋರ್ಟ್ಸ್ (ಹೊಸ ವರ್ಷನ್‌ಗಳನ್ನ ಸ್ಟೇಬಲ್‌ಗೆ ಹೊಂದಿಸಿ ಕೊಡೋ ಸಂಗ್ರಹ) ನೋಡಿ, ಅಲ್ಲೇ ಸಿಕ್ರೆ ಈ ತಲೆನೋವೇ ಬೇಡ, ಯಾಕಂದ್ರೆ ಅವು ಸ್ಟೇಬಲ್‌ಗೇ ಅಂತ ಕಂಪೈಲ್ ಆಗಿರ್ತವೆ.

ಸಿಗ್ಲಿಲ್ವಾ? ಆಪ್ಟ್‌ಗೆ (ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕೋ ಟೂಲ್) ಟೆಸ್ಟಿಂಗ್ ಸೋರ್ಸ್, ಅಂದ್ರೆ ಪ್ಯಾಕೇಜ್ ಎಲ್ಲಿಂದ ತರ್ಬೇಕು ಅನ್ನೋ ವಿಳಾಸ, ಸೇರ್ಸಿ, ಆದ್ರೆ ಅಪ್‌ಡೇಟ್ ಕೊಡೋಕ್ ಮುಂಚೆನೇ ಪಿನ್ನಿಂಗ್ (ಯಾವ ಸೋರ್ಸಿಗೆ ಎಷ್ಟು ಪ್ರಯಾರಿಟಿ ಅಂತ ನಂಬರ್ ಕೊಡೋದು) ಮಾಡ್ಬಿಡಿ. ಪಿನ್ ಇಲ್ದಿದ್ರೆ ಎರಡಕ್ಕೂ 500 ಪ್ರಯಾರಿಟಿ, ಆಗ ಯಾವ್ದು ಹೊಸ ವರ್ಷನ್ನೋ ಅದೇ ಗೆಲ್ಲುತ್ತೆ, ಮುಂದಿನ ಅಪ್‌ಗ್ರೇಡ್‌ಗೆ ಇಡೀ ಸಿಸ್ಟಮ್ಮೇ ಟೆಸ್ಟಿಂಗ್ ಆಗೋಗುತ್ತೆ. ಆಪ್ಟ್‌ನ ಪ್ರಿಫರೆನ್ಸಸ್ ಫೈಲಲ್ಲಿ ಟೆಸ್ಟಿಂಗ್‌ಗೆ 100 ಕೊಟ್ರೆ ಸಾಕು, ಕೇಳಿದ್ದು ಬಿಟ್ಟು ಸ್ಟೇಬಲ್‌ನಲ್ಲಿರೋ ಬೇರೆ ಯಾವ್ದನ್ನೂ ಅದು ಮುಟ್ಟಲ್ಲ. 1000 ಅಥ್ವಾ ಅದಕ್ಕಿಂತ ಜಾಸ್ತಿ ಕೊಡ್ಬೇಡಿ ಮಾರಾಯ್ರೆ, ಅದು ಡೌನ್‌ಗ್ರೇಡ್ ಕೂಡ ಮಾಡುತ್ತೆ. ಹಾಕಿದ್ಮೇಲೆ ಆಪ್ಟ್ ಪಾಲಿಸಿ (apt policy) ಅಂತ ಕೊಟ್ಟು ನಂಬರ್ ಸರಿ ಕೂತಿದ್ಯಾ ನೋಡ್ಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಹೈಫನ್ ಟಿ (-t testing) ಹಾಕಿದ್ರೆ ಆ ಒಂದು ಕಮಾಂಡಿಗೆ ಟೆಸ್ಟಿಂಗ್ 990 ಆಗುತ್ತೆ, ಹಾಗಾಗಿ ಡಿಪೆಂಡೆನ್ಸಿಗಳೂ (ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳು) ಅಲ್ಲಿಂದಾನೇ ಬರ್ತವೆ. ಒಂದ್ಸಲ ಹೈಫನ್ ಎಸ್ (-s) ಸೇರ್ಸಿ ಸುಮ್ನೆ ಸಿಮ್ಯುಲೇಟ್ ಮಾಡಿ. ಪಟ್ಟಿಯಲ್ಲಿ ಲಿಬ್‌ಸಿ6 (ಹೆಚ್ಚೂಕಮ್ಮಿ ಎಲ್ಲ ಪ್ರೋಗ್ರಾಮ್‌ಗಳೂ ಬಳಸೋ ಮೂಲ ಲೈಬ್ರರಿ) ಕಾಣಿಸ್ತಾ, ಅಲ್ಲೇ ನಿಲ್ಸಿ, ಸಣ್ಣ ಟೂಲ್‌ಗೋಸ್ಕರ ಸಿಸ್ಟಮ್ಮಿನ ಬುಡಾನೇ ಬದಲಾಯ್ಸೋದು ನನ್ ಪ್ರಕಾರ ಲಾಸು. ಅಂಥದ್ದಕ್ಕೆ ಸಿಸ್ಟಮ್ಮಿಂದ ಬೇರೆಯಾಗಿ ಓಡೋ ಫ್ಲಾಟ್‌ಪ್ಯಾಕ್ ಅಥವಾ ಕಂಟೇನರ್ರೇ ವಾಸಿ.

ಇನ್ನೊಂದು, ಸೋರ್ಸಲ್ಲಿ ಸ್ಟೇಬಲ್ ಅಂತ ಬರೀದೆ ಟ್ರಿಕ್ಸಿ (ಈಗಿನ ಸ್ಟೇಬಲ್, ಡೆಬಿಯನ್ 13) ಅಂತ ಹೆಸರೇ ಹಾಕಿ, ಇಲ್ಲಾಂದ್ರೆ ಹೊಸ ರಿಲೀಸ್ ಬಂದ್ಮೇಲೆ ಸೋರ್ಸ್ ಅಲ್ಲಿಗೇ ತಿರುಗುತ್ತೆ.