ಸುಮ್ನೆ ಬಿಟ್ಟಾಗ ಮಾತ್ರ ಹ್ಯಾಂಗ್ ಆಗುತ್ತಿದ್ದ ಕಂಪ್ಯೂಟರ್

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗುತ್ತಿದೆಯಾ? ಸ್ಕ್ರೂಡ್ರೈವರ್ ಆಮೇಲೆ ಹಿಡಿಯಿರಿ. ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಯಾವಾಗ ನಿಂತಿತು, ಆಗ ಏನು ಕೆಲಸ ನಡೆಯುತ್ತಿತ್ತು ಅಂತ ಬರೆದಿಡಿ. ನನಗೆ ಕಾರಣ ಸಿಕ್ಕಿದ್ದು ಆ ಬರಹದಲ್ಲೇ.

ನನ್ನದು ಎಎಂಡಿ ಕಂಪನಿಯ ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ) ಮಾತ್ರ ಹಳೆಯ ಕಂಪ್ಯೂಟರಿನದು, 2011ರಲ್ಲಿ ಕೊಂಡಿದ್ದು. ಗಟ್ಟಿಮುಟ್ಟಾಗಿತ್ತು, ಒಳ್ಳೆಯ ಕಂಪನಿಯದು, ವ್ಯಾಟೂ ಸಾಕಾಗುತ್ತಿತ್ತು.

ಸಲಹೆಗಳಿಗೇನೂ ಬರ ಇರಲಿಲ್ಲ. "ಕರೆಂಟ್ ಪ್ರಾಬ್ಲಮ್ ಕಣೋ, ನಾಲ್ಕು ಹನಿ ಮಳೆ ಬಿದ್ರೆ ನಿಮ್ಮ ಏರಿಯಾದಲ್ಲಿ ವೋಲ್ಟೇಜ್ ಕುಣಿಯುತ್ತೆ" ಅಂದ ಗೆಳೆಯ. "ವಿಂಡೋಸ್ ಹೊಸದಾಗಿ ಹಾಕ್ಬಿಡಿ ಸಾರ್" ಅಂದರು ಅಂಗಡಿಯವರು. ಆದರೆ ಕರೆಂಟ್ ಕೈಕೊಟ್ಟರೆ ಸಾಮಾನ್ಯವಾಗಿ ಕಂಪ್ಯೂಟರ್ ಆಫ್ ಆಗುತ್ತದೆ, ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ನನ್ನದು ಹಾಗಲ್ಲ. ಪರದೆಯ ಮೇಲಿನ ಚಿತ್ರ ಇದ್ದ ಹಾಗೇ ಇರುತ್ತಿತ್ತು. ಫ್ಯಾನ್ ತಿರುಗುತ್ತಲೇ ಇರುತ್ತಿತ್ತು. ಮೌಸ್ ಮಾತ್ರ ಅಲುಗುತ್ತಿರಲಿಲ್ಲ. ಮಧ್ಯೆ ಯುಪಿಎಸ್ ಬೇರೆ ಇತ್ತು.

ಹೀಗಾದಾಗ ಒಂದು ಸುಲಭದ ಪರೀಕ್ಷೆ ಇದೆ. ಕ್ಯಾಪ್ಸ್ ಲಾಕ್ ಒತ್ತಿ ಕೀಬೋರ್ಡಿನ ದೀಪ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಒಳಗೆ ವಿಂಡೋಸ್ ಇನ್ನೂ ಓಡುತ್ತಿದೆ ಅಂತ. ಆಗ ಗ್ರಾಫಿಕ್ಸ್ ಡ್ರೈವರ್ ಅಥವಾ ಡಿಸ್ಕ್ ಕಡೆ ಹುಡುಕಬಹುದು. ಜಪ್ಪಯ್ಯ ಅಂದರೂ ದೀಪ ಬದಲಾಗದಿದ್ದರೆ ತೊಂದರೆ ಇನ್ನೂ ಆಳದಲ್ಲಿದೆ: ರ‍್ಯಾಮ್, ಪ್ರೊಸೆಸರ್, ಮದರ್‌ಬೋರ್ಡ್, ಎಸ್‌ಎಂಪಿಎಸ್. ನನ್ನ ದೀಪ ಬದಲಾಗುತ್ತಿರಲಿಲ್ಲ.

ವಿಂಡೋಸ್ ತನ್ನ ತೊಂದರೆಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನಲ್ಲಿ ಇದ್ದದ್ದು 'ಕರ್ನಲ್ ಪವರ್ 41' ಅನ್ನುವ ಎರರ್ ಒಂದೇ. ಅದನ್ನು ನೋಡಿ ತುಂಬಾ ಜನ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ತೀರ್ಮಾನಿಸಿಬಿಡುತ್ತಾರೆ. ಅದು ಹೇಳುವುದು ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಅಷ್ಟೇ. ಹ್ಯಾಂಗ್ ಆದಾಗ ನಾವೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ 41 ಬರುತ್ತದೆ. ಕಾರಣ ಅಲ್ಲಿ ಸಿಗುವುದಿಲ್ಲ.

ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ನೋಡಿದರೆ ಎಸ್‌ಎಸ್‌ಡಿ ಚೆನ್ನಾಗಿತ್ತು. ಬಿಸಿಯೂ ಹೆಚ್ಚಿರಲಿಲ್ಲ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ಒಂದೂ ಎರರ್ ಇಲ್ಲ. ಪ್ರೊಸೆಸರಿಗೆ ಪೂರ್ತಿ ಲೋಡ್ ಕೊಟ್ಟರೂ ಹಾಯಾಗಿ ಓಡಿತು. ಎಲ್ಲದರಲ್ಲೂ ಪಾಸ್, ಆದರೂ ಹ್ಯಾಂಗ್!

ಅಕ್ಕನೂ ಇದೇ ಕಂಪ್ಯೂಟರಿನಲ್ಲಿ ವಿಡಿಯೊ ಎಡಿಟ್ ಮಾಡುತ್ತಾಳೆ. ಒಮ್ಮೆ ಅವಳು ಹೇಳಿದಳು: "ನಾನು ವಿಡಿಯೊ ಎಕ್ಸ್‌ಪೋರ್ಟ್ ಮಾಡೋವಾಗ ಇದು ಯಾವತ್ತೂ ನಿಂತಿಲ್ಲ ಕಣೋ. ಪಿಡಿಎಫ್ ತೆಗೆದಿಟ್ಟು ಓದ್ತಾ ಕೂತ್ರೆ ನಿಲ್ಲುತ್ತೆ."

ಆಗ ಶುರು ಮಾಡಿದ್ದೇ ನೋಟ್‌ಬುಕ್. ಮಾನಿಟರ್ ತಾನಾಗಿ ಆಫ್ ಆಗದ ಹಾಗೆ ಸೆಟ್ ಮಾಡಿದೆ. ಹ್ಯಾಂಗ್ ಆದಾಗ ಪರದೆಯ ಮೂಲೆಯ ಗಡಿಯಾರವೂ ನಿಲ್ಲುತ್ತದಲ್ವಾ, ಹಾಗಾಗಿ ಎದುರಿಗೆ ಯಾರೂ ಇಲ್ಲದಿದ್ದರೂ ನಿಂತ ಹೊತ್ತು ಗೊತ್ತಾಗುತ್ತದೆ. ಬರೆದದ್ದನ್ನು ಒಟ್ಟಿಗೆ ಓದಿದಾಗ ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಊಟದ ಹೊತ್ತು, ಫೋನಿನಲ್ಲಿ ಮಾತಾಡುತ್ತಿದ್ದ ಹೊತ್ತು, ಓದುತ್ತಿದ್ದ ಹೊತ್ತು. ಕೆಲಸ ಕೊಟ್ಟಾಗ ಒಂದು ಸಲವೂ ಇಲ್ಲ. ಪರೀಕ್ಷೆಗಳೆಲ್ಲ ಪಾಸಾಗಿದ್ದು ಯಾಕೆ ಅಂತಲೂ ಆಗ ತಿಳಿಯಿತು. ಪರೀಕ್ಷೆ ಅಂದರೇ ಪ್ರೊಸೆಸರನ್ನು ದುಡಿಸುವುದು. ನನ್ನದಕ್ಕೆ ತೊಂದರೆ ಇದ್ದದ್ದು ವಿಶ್ರಾಂತಿಯಲ್ಲಿ.

ಈಗಿನ ಪ್ರೊಸೆಸರುಗಳು ಕೆಲಸವಿಲ್ಲದಾಗ ಸಿ6 ಅನ್ನುವ ಗಾಢ ನಿದ್ದೆಗೆ ಜಾರುತ್ತವೆ. ಆಗ ಎಸ್‌ಎಂಪಿಎಸ್‌ನ 12 ವೋಲ್ಟ್ ಲೈನಿನಿಂದ ಎಳೆಯುವ ಕರೆಂಟ್ ತೀರಾ ಕಡಿಮೆಯಾಗುತ್ತದೆ. ಅಷ್ಟು ಸಣ್ಣ ಲೋಡಿನಲ್ಲಿ ವೋಲ್ಟೇಜ್ ಸ್ಥಿರವಾಗಿ ಹಿಡಿಯುವುದು ಕೆಲವು ಹಳೆಯ ಎಸ್‌ಎಂಪಿಎಸ್‌ಗಳಿಗೆ ಆಗುವುದಿಲ್ಲ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರುಗಳು ಬಂದಾಗಲೇ ಈ ಮಾತು ಎದ್ದಿತ್ತು. ಪ್ರೊಸೆಸರಿನ 12 ವೋಲ್ಟ್ ಲೈನ್ 0.05 ಆಂಪಿಯರ್‌ನಷ್ಟು ಸಣ್ಣ ಲೋಡಿನಲ್ಲೂ ಸ್ಥಿರವಾಗಿರಬೇಕಿತ್ತು. ಅದಕ್ಕೂ ಮುಂಚೆ ಆ ಅಂಕಿ 0.5 ಆಂಪಿಯರ್, ಅಂದರೆ ಹತ್ತು ಪಟ್ಟು ಜಾಸ್ತಿ. ನನ್ನ ಎಸ್‌ಎಂಪಿಎಸ್ ಆ ಹಳೆಯ ಕಾಲದ್ದು.

ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್‌ಗಳಲ್ಲಿ, 'ಎಎಂಡಿ ಸಿಬಿಎಸ್' ಅನ್ನುವ ಮೆನು ಒಳಗೆ 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಅಂತ ಇರುತ್ತದೆ. ಅದನ್ನು ಆಟೋದಿಂದ 'ಟಿಪಿಕಲ್ ಕರೆಂಟ್ ಐಡಲ್'ಗೆ ಬದಲಿಸಿದೆ. ಸುಮ್ಮನಿದ್ದಾಗಲೂ ಪ್ರೊಸೆಸರ್ ಸ್ವಲ್ಪ ಜಾಸ್ತಿ ಕರೆಂಟ್ ಎಳೆಯುತ್ತದೆ, ಅಷ್ಟೇ ವ್ಯತ್ಯಾಸ. ಹ್ಯಾಂಗ್ ನಿಂತಿತು. ನಿಂತಿತು ಅಂತ ಅಲ್ಲಿಗೇ ಬಿಡಲಿಲ್ಲ. ಬೇರೇನನ್ನೂ ಮುಟ್ಟದೆ ವಾಪಸ್ ಆಟೋಗೆ ಹಾಕಿ ನೋಡಿದೆ. ಮತ್ತೆ ಹ್ಯಾಂಗ್ ಆಯಿತು! ಆಗಲೇ ನನಗೆ ನಂಬಿಕೆ ಬಂದಿದ್ದು. ಒಂದೇ ದಿನ ರ‍್ಯಾಮ್, ಕೇಬಲ್, ಡ್ರೈವರ್ ಎಲ್ಲಾ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಆಮೇಲೆ ಚಿಕ್ಕಪೇಟೆಗೆ ಮೆಟ್ರೋ ಹಿಡಿದು, ಅಲ್ಲಿಂದ ಎಸ್.ಪಿ. ರೋಡಿಗೆ ನಡೆದು ಹೊಸ ಎಸ್‌ಎಂಪಿಎಸ್ ತಂದೆ. ಈಗ ಆ ಸೆಟ್ಟಿಂಗ್ ಆಟೋದಲ್ಲೇ ಇದೆ, ತೊಂದರೆ ಇಲ್ಲ.

ನಿಮ್ಮ ಬೋರ್ಡಿನಲ್ಲಿ ಈ ಆಯ್ಕೆ ಕಾಣದಿದ್ದರೆ ಬಯೋಸ್ ಅಪ್‌ಡೇಟ್ ಮಾಡಿ ನೋಡಿ. ಆಗಲೂ ಸಿಗದಿದ್ದರೆ ಸಿ6ನಂಥ ನಿದ್ದೆಗಳನ್ನು ನಿಯಂತ್ರಿಸುವ 'ಗ್ಲೋಬಲ್ ಸಿ ಸ್ಟೇಟ್ ಕಂಟ್ರೋಲ್' ಆಫ್ ಮಾಡಿ ಪರೀಕ್ಷಿಸಬಹುದು. ಅಪ್‌ಡೇಟ್ ಮಾತ್ರ ಯುಪಿಎಸ್ ಇದ್ದಾಗಲೇ ಮಾಡಿ, ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಅಪ್‌ಡೇಟ್ ಆದಮೇಲೆ ಹಳೆಯ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ, ಮತ್ತೆ ಹಾಕಿಕೊಳ್ಳಿ.