ಎರೆ ಮಣ್ಣಿನ ಹಿತ್ತಲಿಗೆ ತಗ್ಗಿನ ಗೊಬ್ಬರ

ಕೈತೋಟದ ಬಗ್ಗೆ ನಮ್ಮ ಕಿವಿಗೆ ಬೀಳುವ ಸಲಹೆಗಳಲ್ಲಿ ಬಹುಪಾಲು ಕೆಂಪು ಮಣ್ಣಿನ ಊರಿನವರು ಕೊಟ್ಟದ್ದು. ಕೆರೆ ಹೂಳು ಹಾಕಿ, ಒಲೆ ಬೂದಿ ಹಾಕಿ, ಸ್ವಲ್ಪ ಸುಣ್ಣ ಉದುರಿಸಿ, ಗೊಬ್ಬರದ ಗುಡ್ಡೆಗೆ ಮಳೆ ತಾಗದ ಹಾಗೆ ನೋಡಿಕೊಳ್ಳಿ. ಅವರ ಊರಿಗೆ ಅದು ಸರಿಯೇ. ವಿಜಯಪುರದ ಎರೆ, ಅಂದರೆ ಕಪ್ಪು ಮಣ್ಣಿನ ಮೇಲೆ ಮನೆ ಕಟ್ಟಿಕೊಂಡ ನಮಗೆ ಅದು ಹೊಂದುವುದಿಲ್ಲ. ನಮ್ಮಲ್ಲಿ ಗೊಬ್ಬರ ಕೆಡುವುದು ಒಣಗಿ. ಸುಣ್ಣವಂತೂ ನಮ್ಮ ಮಣ್ಣಿನಲ್ಲಿ ಮೊದಲೇ ಜಾಸ್ತಿ ಇದೆ. ಹಾಗಾಗಿ ನಾನು ನಮ್ಮ ಹಿತ್ತಲಲ್ಲಿ ಮಾಡಿಕೊಂಡು ಬಂದಿರುವುದನ್ನು ಬರೆಯುತ್ತಿದ್ದೇನೆ. ಇದೇ ಮಣ್ಣು, ಇದೇ ಬಿಸಿಲು ಇರುವವರಿಗೆ ಉಪಯೋಗವಾದೀತು.

ಮೊದಲು ಮಣ್ಣನ್ನು ನೋಡೋಣ. ಎರೆಯಲ್ಲಿ ಜೇಡಿ ಅಂಶ ಬಹಳ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಹಸಿಯನ್ನೂ ಸತ್ವವನ್ನೂ ಹಿಡಿದಿಡುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಹಿಂಗಾರಿ ಬಿಳಿಜೋಳ ಉತ್ತರಿ, ಹಸ್ತ ಮಳೆಯ ಹಸಿಯ ಮೇಲೆಯೇ ಚಳಿಗಾಲ ಪೂರ್ತಿ ನಿಲ್ಲುವುದು ಈ ಗುಣದಿಂದಲೇ ಅಲ್ವಾ? ಆದರೆ ತರಕಾರಿಯ ಎಳೆ ಬೇರಿಗೆ ಹಸಿಯಷ್ಟೇ ಗಾಳಿಯೂ ಬೇಕು. ನೆನೆದ ಎರೆಯಲ್ಲಿ ಗಾಳಿ ಆಡುವುದಿಲ್ಲ. ನಾನು ಗೊಬ್ಬರ ಹಾಕುವುದು ಮುಖ್ಯವಾಗಿ ಇದಕ್ಕೇ. ಸತ್ವ ಆಮೇಲಿನ ಮಾತು, ಮೊದಲು ಮಣ್ಣು ಬಿಡಿಯಾಗಬೇಕು.

ಹಿತ್ತಲಿನ ಮಣ್ಣು ಎಂಥದ್ದು ಎಂದು ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಒಂದೆರಡು ದಿನ ಅಲುಗಿಸದೆ ಇಡಿ. ಮರಳು ತಳಕ್ಕೆ ಕೂರುತ್ತದೆ, ನಡುವೆ ನುಣುಪು ಮಣ್ಣು, ಮೇಲೆ ಜೇಡಿ. ನಮ್ಮ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜೇಡಿಯೇ ಇತ್ತು. ಇನ್ನೊಂದು ಪರೀಕ್ಷೆ: ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನಿಗರ್ ಬಿಡಿ. ಬುರುಬುರು ನೊರೆ ಬಂದರೆ ಸುಣ್ಣದ ಅಂಶ ಇದೆ ಎಂದು ಅರ್ಥ. ಅಗೆಯುವಾಗ ಬಿಳಿ ಹರಳು ಸಿಕ್ಕರಂತೂ ಕೇಳುವುದೇ ಬೇಡ.

ಇಷ್ಟು ನೋಡಿಕೊಂಡ ಮೇಲೂ ಒಮ್ಮೆ ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ವಿಜಯಪುರದ ಹತ್ತಿರ ಕೃಷಿ ಕಾಲೇಜು ಇರುವ ಹಿಟ್ನಳ್ಳಿ ಫಾರ್ಮಿನ ಕಡೆ ಹೋಗುವವರು ಅಲ್ಲಿ ವಿಚಾರಿಸಬಹುದು. ಬೇಕಾದ ಮುಖ್ಯ ಅಂಕಿ ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದರ ಅಳತೆ. 7.5ರಿಂದ 8.5ರವರೆಗೆ ಇದ್ದರೆ ಅದು ಎರೆಯ ಸಹಜ ಗುಣ, ಗಾಬರಿ ಬೇಡ. 8.5 ದಾಟಿದರೆ ಸೋಡಿಯಂ ಸೇರಿ ಮಣ್ಣು ಸವಳು ಆಗುತ್ತಿರಬಹುದು. ಅದಕ್ಕೆ ಬರೀ ಗೊಬ್ಬರ ಸಾಲದು, ಜಿಪ್ಸಂ ಬೇಕು. ಎಷ್ಟು ಎಂದು ಪರೀಕ್ಷೆ ನೋಡಿದವರನ್ನೇ ಕೇಳಿ.

ಹೊಸ ಮನೆಯವರಿಗೆ ಒಂದು ಮಾತು. ಮನೆ ಕಟ್ಟುವಾಗ ಬಿದ್ದ ಸಿಮೆಂಟು, ಗಾರೆಯ ಚೂರು, ಸುಣ್ಣದ ನೀರು ಚೆಲ್ಲಿದ ಜಾಗ, ಮೇಲೆ ಹರಡಿದ ಗರಸು, ಇವನ್ನೆಲ್ಲ ಒಂದು ಅಡಿ ಆಳದವರೆಗೆ ತೆಗೆಸಿ. ಆ ಜಾಗಕ್ಕೆ ಎಷ್ಟು ಗೊಬ್ಬರ ಹಾಕಿದರೂ ಗಿಡ ಏಳುವುದಿಲ್ಲ.

ಈಗ ಗೊಬ್ಬರ. ಬಯಲಲ್ಲಿ ಗುಡ್ಡೆ ಹಾಕಿ ಮಗುಚುತ್ತಾ ಇರುವ ಪದ್ಧತಿಗೆ ಇಂದೋರ್ ಪದ್ಧತಿ ಎನ್ನುತ್ತಾರೆ. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿ ರೂಪಿಸಿದ್ದು. ಬೇಗ ಆಗುತ್ತದೆ, ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಆದರೆ ಪ್ರತಿ ಸಲ ಮಗುಚಿದಾಗಲೂ ಹಸಿ ಹಾರಿಹೋಗುತ್ತದೆ, ಮತ್ತೆ ನೀರು ಹಾಕಬೇಕು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ನಲ್ಲಿ ನೀರು ದಿನಾ ಬರುವುದಿಲ್ಲ. ಗೊಬ್ಬರಕ್ಕೆ ಅಷ್ಟು ನೀರು ಎಲ್ಲಿಂದ ತರುವುದು?

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿತ್ತು. 1939ರಲ್ಲಿ ವಿಜ್ಞಾನಿ ಸಿ. ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿ ತಗ್ಗಿನ ಪದ್ಧತಿಯೊಂದನ್ನು ರೂಪಿಸಿದರು. ಊರ ಕಸವನ್ನು ಗೊಬ್ಬರ ಮಾಡಲು ಹುಟ್ಟಿದ್ದು ಅದು. ತಗ್ಗು ತುಂಬಿ, ಮೇಲೆ ಕೆಸರು ಮೆತ್ತಿ ಮುಚ್ಚಿಬಿಡುವುದು. ಮಗುಚುವುದಿಲ್ಲ, ದಿನಾ ನೀರು ಹಾಕುವುದಿಲ್ಲ. ಆರರಿಂದ ಎಂಟು ತಿಂಗಳು ಬೇಕು. ನಿಧಾನ, ಆದರೆ ಹಸಿ ಒಳಗೇ ಉಳಿಯುತ್ತದೆ, ನೊಣದ ಕಾಟವೂ ಇಲ್ಲ. ಬಿಸಿಲೂರಿನ ಮನೆಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ ಎಂದೇ ನನ್ನ ನಂಬಿಕೆ.

ನಮ್ಮ ತಗ್ಗು 5 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ಬೇವಿನ ಮರದ ನೆರಳಲ್ಲಿದೆ. ಮನೆಯ ಪಾಯದಿಂದಲೂ ಕಂಪೌಂಡ್ ಗೋಡೆಯಿಂದಲೂ ದೂರವೇ ತೋಡಿಸಿದ್ದೇವೆ. ಎರೆ ಹಸಿಯಾದರೆ ಉಬ್ಬಿ ಗೋಡೆಯನ್ನು ಒತ್ತುತ್ತದೆ, ಇದನ್ನು ಮರೆಯಬೇಡಿ. ತಗ್ಗಿನ ಸುತ್ತ ಮೊಳಕಾಲಷ್ಟು ಒಡ್ಡು ಹಾಕಿದರೆ ಮಳೆ ನೀರು ಹರಿದು ಬಂದು ತುಂಬುವುದಿಲ್ಲ. ಎರೆಯ ತಗ್ಗಿನಲ್ಲಿ ನಿಂತ ನೀರು ಬೇಗ ಇಂಗುವುದಿಲ್ಲ, ಒಳಗಿದ್ದದ್ದು ಕೊಳೆತು ನಾರುತ್ತದೆ. ಆದ್ದರಿಂದ ತಗ್ಗು ತುಂಬಲು ನಾನು ಆರಿಸಿಕೊಂಡದ್ದು ಜೋಳದ ರಾಶಿ ಮುಗಿದ ಮೇಲಿನ ದಿನಗಳು, ಫೆಬ್ರವರಿ ಕೊನೆಯಿಂದ ಮಾರ್ಚ್. ಆಗ ಬೇವಿನ ಎಲೆಯೂ ಉದುರಿರುತ್ತದೆ, ಒಣ ಸಾಮಾನಿಗೆ ಕೊರತೆ ಇಲ್ಲ.

ಒಣ ಸಾಮಾನು ಎಂದರೆ ಜೋಳದ ಕಣಿಕೆ, ತೆನೆ ಕೊಯ್ದ ಮೇಲೆ ಉಳಿಯುವ ಒಣ ದಂಟು. ಒಳ್ಳೆಯ ಕಣಿಕೆ ದನದ ಮೇವು, ಅದನ್ನು ಗೊಬ್ಬರಕ್ಕೆ ಹಾಕುವುದು ತಪ್ಪು. ದನ ತಿಂದು ಬಿಟ್ಟ ದಪ್ಪ ಬುಡದ ತುಂಡುಗಳು ಗೋದಲಿಯಲ್ಲಿ ಉಳಿದಿರುತ್ತವೆ, ಅವನ್ನು ಕೇಳಿ ತರುತ್ತೇನೆ. ಗೇಣುದ್ದ ಕತ್ತರಿಸಿ ಒಂದು ರಾತ್ರಿ ನೆನೆಹಾಕುತ್ತೇನೆ. ಇದು ಮುಖ್ಯ. ಒಣಗಿದ್ದನ್ನು ಹಾಗೇ ತಗ್ಗಿಗೆ ಹಾಕಿದರೆ ಸುತ್ತಲಿನ ಹಸಿಯನ್ನೆಲ್ಲ ಅದೇ ಹೀರುತ್ತದೆ, ಆಮೇಲೆ ಒರಲೆ ಹತ್ತುತ್ತದೆ. ಜೊತೆಗೆ ಶೇಂಗಾ ಸಿಪ್ಪೆ, ಬೇವಿನ ಎಲೆ. ಬೇವಿನ ಎಲೆ ಹಾಕಿದರೆ ಗೊಬ್ಬರ ಆಗುವುದಿಲ್ಲ ಎನ್ನುತ್ತಾರೆ. ನಮ್ಮದರಲ್ಲಿ ಪ್ರತಿ ವರ್ಷ ಅದೇ ಜಾಸ್ತಿ, ಚೆನ್ನಾಗಿಯೇ ಆಗಿದೆ.

ಹಸಿ ಸಾಮಾನು ಅಡುಗೆಮನೆಯದು, ಹಿತ್ತಲಿನದು. ಸೊಪ್ಪಿನ ದಂಟು, ಕಾಯಿಪಲ್ಯದ ಸಿಪ್ಪೆ, ಚಹಾ ಪುಡಿ, ಕಿತ್ತ ಕಳೆ. ಕಾಂಗ್ರೆಸ್ ಕಸವನ್ನೂ ಹಾಕಬಹುದು, ಆದರೆ ಹೂ ಬಿಡುವ ಮುಂಚೆ, ಕೈಗೆ ಗ್ಲೌಸ್ ಹಾಕಿಕೊಂಡು. ಮುಚ್ಚಿದ ತಗ್ಗಿನಲ್ಲಿ ಗುಡ್ಡೆಯಷ್ಟು ಕಾವು ಬಹಳ ದಿನ ನಿಲ್ಲುವುದಿಲ್ಲ, ಬೀಜ ಸಾಯದೆ ಉಳಿದುಬಿಡುತ್ತದೆ. ಉಪ್ಪಿನಕಾಯಿ, ಉಪ್ಪು ಖಾರದ ಅಡುಗೆ ನಾನು ಹಾಕುವುದಿಲ್ಲ.

ಮೂರನೆಯದು ಹೆಂಡಿ, ಅಂದರೆ ಸಗಣಿ. ನಮಗೆ ಹಾಲು ಕೊಡುವ ಗೌಳಿಗರ ಹತ್ತಿರ ಹೋಗಿ ಕೇಳಿದಾಗ ಅವರು ಹೇಳಿದ ಮಾತು ಇಂದಿಗೂ ಪಾಲಿಸುತ್ತೇನೆ: “ಅಕ್ಕಾರ, ತಗ್ಗಿಗೆ ಹಸಿ ಹೆಂಡಿ ಒಯ್ರಿ. ಗಿಡಕ್ಕ ಮಾತ್ರ ತಿಪ್ಪಿ ತಳದ್ದ ಹಾಕ್ರಿ.” ಹಸಿ ಹೆಂಡಿ ಕಸವನ್ನು ಕೊಳೆಸುತ್ತದೆ. ಅದನ್ನೇ ನೇರವಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ.

ತುಂಬುವ ಕ್ರಮ ಹೀಗೆ. ತಳಕ್ಕೆ ಅರ್ಧ ಅಡಿ ನೆನೆದ ಕಣಿಕೆ. ಅದರ ಮೇಲೆ ಎರಡು ಮೂರು ಇಂಚು ಹಸಿ ಸಾಮಾನು. ಮೇಲೆ ನೀರಲ್ಲಿ ಕಲೆಸಿದ ಹೆಂಡಿ ಚಿಮುಕಿಸಿ, ಎರಡು ಹಿಡಿ ಹಳೆಯ ಗೊಬ್ಬರ. ಮತ್ತೆ ಕಣಿಕೆ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಬೇಕು. ಕಣಿಕೆಯಲ್ಲಿ ಇಂಗಾಲ ಅದಕ್ಕಿಂತ ಎಷ್ಟೋ ಜಾಸ್ತಿ, ಹೆಂಡಿ ಮತ್ತು ಸೊಪ್ಪಿನಲ್ಲಿ ಕಡಿಮೆ. ಎರಡೂ ಸೇರಿದಾಗ ಹದ ಬರುತ್ತದೆ. ಮೂಗಿಗೆ ಘಾಟು ಹೊಡೆದರೆ ಹೆಂಡಿ ಜಾಸ್ತಿಯಾಗಿದೆ, ಕಣಿಕೆ ಸೇರಿಸಿ. ಹಸಿ ಎಷ್ಟಿರಬೇಕು ಎಂದರೆ, ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು.

ತಗ್ಗು ತುಂಬಿ ಒಂದು ಅಡಿ ಮೇಲೆ ಬಂದ ನಂತರ ಒಂದು ವಾರ, ಹತ್ತು ದಿನ ಗೋಣಿಚೀಲ ಮುಚ್ಚಿ ಬಿಡುತ್ತೇನೆ. ಕಬ್ಬಿಣದ ಸಲಾಕೆ ಚುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲು ಆಗದಷ್ಟು ಕಾದಿರುತ್ತದೆ. ಆ ಕಾವು ಬಂದು ಇಳಿಯತೊಡಗಿದ ಮೇಲೆ ಎರೆ ಮಣ್ಣು, ಹೆಂಡಿ, ಸ್ವಲ್ಪ ಹೊಟ್ಟು ಕಲೆಸಿ ನಾಲ್ಕು ಬೆರಳು ದಪ್ಪ ಮೆತ್ತುತ್ತೇನೆ. ಹೊಟ್ಟು ಇಲ್ಲದಿದ್ದರೆ ಎರೆ ಒಣಗಿ ಬಿರಿಯುತ್ತದೆ. ಒಂದು ತಿಂಗಳಲ್ಲಿ ಒಳಗಿದ್ದದ್ದು ಕುಸಿದು ಬಿರುಕು ಕಾಣುತ್ತದೆ, ಆಗ ಮತ್ತೊಮ್ಮೆ ಮೆತ್ತಬೇಕು. ಇಡೀ ಬೇಸಿಗೆಯಲ್ಲಿ ತಗ್ಗಿನ ಕೆಲಸ ಇಷ್ಟೇ.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೋರಿನ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೀವೂ ನೋಡಿರುತ್ತೀರಿ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಅದೇ ನೀರನ್ನು ಗೊಬ್ಬರಕ್ಕೆ ಮೇಲಿಂದ ಮೇಲೆ ಹಾಕಿದರೆ ಗೊಬ್ಬರವೂ ಉಪ್ಪಾಗುತ್ತದೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಒಂದು ಡ್ರಮ್ಮಿನಲ್ಲಿ ಕೂಡಿಟ್ಟು ಅದರಲ್ಲೇ ಕಣಿಕೆ ನೆನೆಸುತ್ತೇನೆ. ಬಟ್ಟೆ ತೊಳೆದ ಸೋಪಿನ ನೀರು ಮಾತ್ರ ಬೇಡವೇ ಬೇಡ. ಅದರಲ್ಲಿರುವ ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ ರಾಡಿ ಮಾಡುತ್ತದೆ, ಒಣಗಿದಾಗ ಕಲ್ಲಾಗುತ್ತದೆ. ಸುಮ್ನೆ ನೀರು ಉಳಿಯಿತಲ್ಲ ಎಂದು ಗಿಡಕ್ಕೆ ತಿರುಗಿಸಿದ ಎಷ್ಟೋ ಹಿತ್ತಲುಗಳು ಹೀಗೆ ಸವಳಾಗಿರುವುದನ್ನು ನೋಡಿ ಬೇಸರವಾಗುತ್ತದೆ.

ಸೆಪ್ಟೆಂಬರ್ ಹೊತ್ತಿಗೆ ತಗ್ಗು ತೆಗೆಯುತ್ತೇನೆ. ತುಂಬಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು. ಮರಳು ಸೋಸುವ ಜಾಳಿಯಲ್ಲಿ ಸೋಸಿ, ದಪ್ಪ ತುಂಡುಗಳನ್ನು ಮುಂದಿನ ತಗ್ಗಿಗೆ ಹಾಕುತ್ತೇನೆ. ಗೊಣ್ಣೆಹುಳು ಕಂಡರೆ ಆರಿಸಿ ತೆಗೆಯಿರಿ, ಅವು ಬೇರು ತಿನ್ನುತ್ತವೆ. ಅನುಮಾನ ಇದ್ದರೆ ಒಂದು ಡಬ್ಬಿಯಲ್ಲಿ ಗೊಬ್ಬರ ತುಂಬಿ ಮೆಂತೆ ಕಾಳು ಉದುರಿಸಿ. ಮೊಳಕೆ ಚೆನ್ನಾಗಿ ಬಂದು ಹಸಿರಾಗಿ ನಿಂತರೆ ಹಣ್ಣಾಗಿದೆ. ಮೊಳಕೆ ಸುಟ್ಟಂತಾದರೆ ಇನ್ನೊಂದು ತಿಂಗಳು ಬಿಡಿ.

ಇನ್ನು ಮಡಿ ಸಿದ್ಧ ಮಾಡುವುದು. ಎರೆಯಲ್ಲಿ ಎಲ್ಲವೂ ಹದದ ಮೇಲೆ ನಿಂತಿದೆ. ಹಸಿ ಜಾಸ್ತಿ ಇರುವಾಗ ಸಲಿಕೆ ಹಾಕಿದರೆ ಹೆಂಟೆ ಏಳುತ್ತದೆ, ಅದು ಒಣಗಿದ ಮೇಲೆ ಕೊಡಲಿಯಿಂದಲೂ ಒಡೆಯದು. ಒಂದು ಹಿಡಿ ಮಣ್ಣು ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡಿ. ಒಡೆದು ಪುಡಿಯಾದರೆ ಹದ ಬಂದಿದೆ. ಹಾಗೇ ಉಂಡೆಯಾಗಿ ಕೂತರೆ ಎರಡು ದಿನ ತಡೆಯಿರಿ. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಒರಟಾಗಿ ಅಗೆದು ಹೆಂಟೆಗಳನ್ನು ಬಿಸಿಲಿಗೆ ಬಿಟ್ಟರೆ ರೋಹಿಣಿ, ಮಿರಗದ ಮಳೆಗೆ ಅವು ತಾವಾಗಿಯೇ ಅರಳಿ ಪುಡಿಯಾಗುತ್ತವೆ. ಹೊಲದಲ್ಲಿ ಮಾಗಿ ಉಳುಮೆ ಮಾಡುವವರಿಗೆ ಇದು ಗೊತ್ತಿರುವುದೇ.

10 ಅಡಿ ಉದ್ದ 4 ಅಡಿ ಅಗಲದ ಮಡಿಗೆ ನಾನು ಎರಡು ಇಂಚು ದಪ್ಪ ಗೊಬ್ಬರ ಹರಡುತ್ತೇನೆ, ಸುಮಾರು 15 ಪುಟ್ಟಿ ಆಗುತ್ತದೆ. ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಬೆರೆಸುತ್ತೇನೆ, ಅದಕ್ಕಿಂತ ಆಳ ಬೇಡ. ಮರಳು ಬೆರೆಸಿ ಎಂದು ಹೇಳುವವರು ಬಹಳ. ಮರಳಿನಿಂದ ಎರೆಯ ಗುಣ ಬದಲಾಗಬೇಕಾದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಹಾಕಬೇಕು. ನಾಲ್ಕು ಪುಟ್ಟಿ ಹಾಕಿದರೆ ಮಣ್ಣು ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು. ಒಲೆ ಬೂದಿಯೂ ಬೇಡ, ಅದು ಪಿಎಚ್ ಏರಿಸುತ್ತದೆ.

ಮಳೆಗಾಲಕ್ಕೆ ಮಡಿಯನ್ನು ಅರ್ಧ ಅಡಿ ಏರಿಸಿ, ನಡುವೆ ನೀರು ಹೋಗಲು ಕಾಲುವೆ ಬಿಡಿ. ಬೇಸಿಗೆಗೆ ಅದೇ ಜಾಗವನ್ನು ತಗ್ಗಿಸಿ ಪಾತಿ ಮಾಡಿ. ಏರಿಸಿದ ಮಡಿ ನಮ್ಮ ಬಿಸಿಲಿಗೆ ಎರಡೇ ದಿನದಲ್ಲಿ ಒಣಗುತ್ತದೆ. ಯಾವ ಕಾಲದಲ್ಲೂ ಮೇಲೆ ಕಣಿಕೆ ಚೂರು, ಒಣ ಎಲೆಯ ಹೊದಿಕೆ ಇರಲಿ. ಹೊದಿಕೆ ಇದ್ದಲ್ಲಿ ಬಿರುಕು ಕಡಿಮೆ, ಬೇರು ಹರಿಯುವುದಿಲ್ಲ.

ಫಲ ಮೊದಲು ಕಂಡದ್ದು ಮೂಲಂಗಿಯಲ್ಲಿ. ಬರೀ ಎರೆಯಲ್ಲಿ ಅದು ಕವಲೊಡೆದು ಗಿಡ್ಡಾಗುತ್ತಿತ್ತು, ಕಿತ್ತರೆ ನಡುವೆ ಮುರಿಯುತ್ತಿತ್ತು. ಈಗ ನೇರವಾಗಿ ಇಳಿಯುತ್ತದೆ, ಒಂದೇ ಎಳೆತಕ್ಕೆ ಬರುತ್ತದೆ. ಪುಂಡಿ, ರಾಜಗಿರಿ, ಹಕ್ಕರಿಕೆ ಹೇಗಿದ್ದರೂ ಬರುತ್ತವೆ. ಕರಿಬೇವು ಮತ್ತು ಗುಲಾಬಿಗೆ ಮಾತ್ರ ತಾಳ್ಮೆ ಬೇಕು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದಿಂದಾಗಿ ಬೇರಿಗೆ ಸಿಗುವುದಿಲ್ಲ. ಯೂರಿಯಾ ಹಾಕಿ ಪ್ರಯೋಜನವಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ಇಂಡಿ ನಿಂಬೆಯ ರಸ ಹಾಕಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಬುಡಕ್ಕೆ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಡಿ. ನಮ್ಮ ಬಿಸಿಲಿಗೆ ಮಣ್ಣಿನಲ್ಲಿರುವ ಸಾವಯವ ಅಂಶ ಬೇಗ ಕರಗಿಹೋಗುತ್ತದೆ, ಆದ್ದರಿಂದ ಪ್ರತಿ ವರ್ಷ ಹಾಕಬೇಕು. ಜಾಗ ಇದ್ದವರು ಎರಡು ತಗ್ಗು ಮಾಡಿಕೊಳ್ಳಿ. ಒಂದು ಹಣ್ಣಾಗುತ್ತಿರುವಾಗ ಅಡುಗೆಮನೆಯ ಸಿಪ್ಪೆಗೆ ಇನ್ನೊಂದು ಬೇಕಾಗುತ್ತದೆ.