ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಹಾಳಾದ ಚಿತ್ರಗಳನ್ನು ತೆರೆದು ನೋಡಿ

ಇರುವ ಕ್ಯಾಮೆರಾ ಸಾಕೇ, ಹೊಸ ಮಾದರಿಗೆ ಹೋಗಬೇಕೇ ಎಂಬ ಗೊಂದಲವಿದ್ದಾಗ, ತಯಾರಕರ ವಿವರಪಟ್ಟಿಯನ್ನು ಓದುವ ಮೊದಲು ನೀವೇ ತೆಗೆದು ಬೇಡವೆಂದು ಬದಿಗಿಟ್ಟ ಚಿತ್ರಗಳನ್ನು ನೋಡಿ. ಅಂಥ ನೂರು ಚಿತ್ರಗಳನ್ನು ಆರಿಸಿ, ಪ್ರತಿಯೊಂದೂ ಏಕೆ ಕೆಟ್ಟಿತೆಂದು ಒಂದೆರಡು ಪದಗಳಲ್ಲಿ ಬರೆದುಕೊಳ್ಳಿ: ಅಲುಗಾಟ, ತಪ್ಪಿದ ಫೋಕಸ್, ನಾಯ್ಸ್ (ಚಿತ್ರದ ಮೇಲೆ ಕಾಳುಕಾಳಾಗಿ ಮೂಡುವ ಚುಕ್ಕೆಗಳು), ಸಪ್ಪೆ ಬೆಳಕು, ಸರಿಯಿಲ್ಲದ ಚೌಕಟ್ಟು. ಷಟರ್ ವೇಗ (ಬೆಳಕು ಒಳಬರುವ ಅವಧಿ), ಅಪರ್ಚರ್ (ಲೆನ್ಸಿನ ತೆರಪಿನ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಮೂರೂ ಫೈಲಿನಲ್ಲೇ ದಾಖಲಾಗಿರುವುದರಿಂದ ಊಹೆಯ ಅಗತ್ಯ ಬೀಳುವುದಿಲ್ಲ.

ಬೆಳಕು ಮತ್ತು ಚೌಕಟ್ಟಿನ ದೋಷಗಳನ್ನು ಯಾವ ಕ್ಯಾಮೆರಾವೂ ತಿದ್ದಲಾರದು. ಅಲುಗಾಟವನ್ನು ಮಾತ್ರ ಬಿಡಿಸಿ ನೋಡಬೇಕು. ಮನೆಯೊಳಗೆ ಓಡಾಡುವ ಮಗುವನ್ನು 1/30 ಸೆಕೆಂಡಿನಲ್ಲಿ ತೆಗೆದಿದ್ದರೆ ಹೊಸ ಕ್ಯಾಮೆರಾದ ಸ್ಟೆಬಿಲೈಸೇಷನ್ ನೆರವಾಗದು, ಏಕೆಂದರೆ ಅದು ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಮಗುವಿನ ಚಲನೆಯನ್ನಲ್ಲ. ಅಲ್ಲಿ ಬೇಕಾದದ್ದು 1/250ರಷ್ಟು ವೇಗ, ಅಂದರೆ ಸುಮಾರು ಎಂಟು ಪಟ್ಟು ಬೆಳಕು. ಕ್ಯಾಮೆರಾದೊಂದಿಗೆ ಬರುವ 18-55 ಮಿ.ಮೀ. ಜೂಮ್ ಲೆನ್ಸ್ ಉದ್ದದ ತುದಿಯಲ್ಲಿ, ಅಂದರೆ 55 ಮಿ.ಮೀ.ನಲ್ಲಿ, ಸಾಮಾನ್ಯವಾಗಿ ಎಫ್/5.6ರವರೆಗಷ್ಟೇ ತೆರೆದುಕೊಳ್ಳುತ್ತದೆ (ಎಫ್ ಸಂಖ್ಯೆ ಕಡಿಮೆಯಾದಷ್ಟೂ ತೆರಪು ದೊಡ್ಡದು), ಅದರ ಬದಲು 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿದರೆ ಹೆಚ್ಚುಕಡಿಮೆ ಒಂಬತ್ತೂವರೆ ಪಟ್ಟು ಬೆಳಕು ಒಳಬರುತ್ತದೆ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್ (ಬೆಳಕನ್ನು ಹಿಡಿಯುವ ಫಲಕ) ಬಿಟ್ಟು 36×24 ಮಿ.ಮೀ.ನ ಫುಲ್ ಫ್ರೇಮ್‌ಗೆ ಹೋದರೆ ದಕ್ಕುವ ವಿಸ್ತೀರ್ಣವಾದರೋ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಈ ಲೆಕ್ಕವನ್ನು ಮಾಡದೆ ಬಾಡಿಯನ್ನೇ (ಲೆನ್ಸ್ ಹೊರತಾದ ಕ್ಯಾಮೆರಾವನ್ನೇ) ಬದಲಿಸಿ, ಮತ್ತೆ ಅದೇ ಬಗೆಯ ಲೆನ್ಸ್ ಹಾಕಿಕೊಂಡು ನಿರಾಶರಾಗುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಎಫ್/1.8ರಲ್ಲಿ ಸ್ಪಷ್ಟವಾಗಿ ಮೂಡುವ ಆಳ ತೀರ ಕಡಿಮೆಯಾದ್ದರಿಂದ ಫೋಕಸ್ ಕರಾರುವಾಕ್ಕಾಗಿರಬೇಕು ಎಂಬುದೂ ನೆನಪಿರಲಿ.

ಹೊಸ ಬಾಡಿ ನಿಜವಾಗಿ ಗೆಲ್ಲುವುದು ಆ ಫೋಕಸ್ ವಿಷಯದಲ್ಲೇ. ಷಟರ್ ವೇಗ 1/2000 ಇದ್ದೂ ಹಾರುವ ಹಕ್ಕಿ ಮಸುಕಾಗಿ ಹಿಂದಿನ ಕೊಂಬೆ ಸ್ಪಷ್ಟವಾಗಿದೆಯೆಂದರೆ, ಮತ್ತು ಅಂಥ ಚಿತ್ರಗಳೇ ನಿಮ್ಮ ನೂರರಲ್ಲಿ ಬಹುಪಾಲು ಇದ್ದರೆ, ಕಣ್ಣನ್ನು ಗುರುತಿಸಿ ಬೆನ್ನಟ್ಟುವ ಇತ್ತೀಚಿನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗೆ ಹಣ ಹಾಕುವುದು ನ್ಯಾಯವೇ. ನಾಯ್ಸ್ ಮಾತ್ರ ಕಾರಣವಾಗಿದ್ದರೆ, ಹಳೆಯ ರಾ ಫೈಲುಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲುಗಳನ್ನು) ಇಂದಿನ ನಾಯ್ಸ್ ತೆಗೆಯುವ ತಂತ್ರಾಂಶದಲ್ಲಿ ಒಮ್ಮೆ ಸಂಸ್ಕರಿಸಿ ನೋಡಿ, ಆಮೇಲೆ ನಿರ್ಧರಿಸಿ.

ಮೆಗಾಪಿಕ್ಸೆಲ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 12ರಿಂದ 24ಕ್ಕೆ ಏರಿದಾಗ ಚಿತ್ರದ ಅಗಲ ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ. 4ಕೆ ಪರದೆಗೆ ಎಂಟು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚಿದ್ದರೆ ಸಾಕು. ದೂರದ ವಸ್ತುವನ್ನು ಕತ್ತರಿಸಿ ದೊಡ್ಡದಾಗಿಸುವವರಿಗೆ ಮತ್ತು ಗೋಡೆಯಳತೆಯ ಮುದ್ರಣ ಮಾಡಿಸುವವರಿಗೆ ಈ ಮಾತು ಅನ್ವಯಿಸದು.

ಬಾಡಿಯ ಬೆಲೆಯ ಜೊತೆಗೆ ಬ್ಯಾಟರಿ, ವೇಗದ ಕಾರ್ಡು, ದೊಡ್ಡ ಫೈಲುಗಳನ್ನು ತಾಳುವ ಕಂಪ್ಯೂಟರ್ ಇವನ್ನೂ ಕೂಡಿಸಿಕೊಳ್ಳಿ. ಲೆನ್ಸುಗಳ ಪ್ರಶ್ನೆ ಇನ್ನೂ ಸೂಕ್ಷ್ಮ: ಕ್ಯಾನನ್ ಮತ್ತು ನಿಕಾನ್ ಎರಡೂ 2018ರಲ್ಲಿ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊಸ ಮೌಂಟ್‌ಗಳನ್ನು (ಲೆನ್ಸ್ ಕೂರುವ ಜೋಡಣೆ) ತಂದವು. ಕ್ಯಾನನ್‌ನ ಹಳೆಯ ಇಎಫ್ ಮೌಂಟಿನ ಲೆನ್ಸುಗಳು ಅಡಾಪ್ಟರ್ ಮೂಲಕ ಹೊಸ ಆರ್‌ಎಫ್ ಮೌಂಟಿನ ಬಾಡಿಗಳಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ಒಳಗೆ ಮೋಟಾರಿಲ್ಲದ ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಆ ಸಂಸ್ಥೆಯ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆಟೊಫೋಕಸ್ ಇರುವುದಿಲ್ಲ.

ಇಷ್ಟಾದ ಮೇಲೂ ಮನಸ್ಸು ಹೊಸದರ ಕಡೆಗೇ ವಾಲಿದರೆ, ಅದನ್ನು ಎರಡು ದಿನ ಬಾಡಿಗೆಗೆ ತಂದು, ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಕೆಟ್ಟ ದೃಶ್ಯವನ್ನೇ ಎರಡೂ ಕ್ಯಾಮೆರಾಗಳಲ್ಲಿ ತೆಗೆಯಿರಿ. ಹೋಲಿಸುವಾಗ ಚಿತ್ರಗಳನ್ನು ಶೇ. 100ಕ್ಕೆ ಹಿಗ್ಗಿಸದೆ, ನೀವು ದಿನನಿತ್ಯ ನೋಡುವ ಅಥವಾ ಮುದ್ರಿಸುವ ಅಳತೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿ.